ಮೊದಲು ಕರೆಂಟು, ಆಮೇಲೆ ಪೆಟ್ರೋಲು: ಮನೆಯಲ್ಲೇ ಎಂಜಿಬಿ ರಿಪೇರಿ

ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು ಎಂಜಿಬಿ ಮಿಸ್ಸಿಂಗ್ ಹೊಡೆಯಲು ಶುರುವಾದರೆ ಬಹುತೇಕ ಎಲ್ಲರ ಕೈಯೂ ಮೊದಲು ಹೋಗುವುದು ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬ್ಯುರೇಟರಿನ ಕಡೆಗೆ. ಬಾನೆಟ್ ಎತ್ತಿದ ಕೂಡಲೇ ಎಡಬದಿಯಲ್ಲಿ ಅದರ ಎರಡು ಅಲ್ಯೂಮಿನಿಯಂ ಗುಮ್ಮಟಗಳು ಫಳಫಳ ಹೊಳೆಯುತ್ತವೆ. ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್, ಪಾಪ, ಬಲಬದಿಯಲ್ಲಿ ಜಿಡ್ಡು ಮೆತ್ತಿಕೊಂಡು ಕೂತಿರುತ್ತದೆ. ಹೊಳೆಯುವುದನ್ನು ತಿರುಗಿಸಿ ನೋಡುವ ಆಸೆ ಸಹಜ. ಕಾರ್ಬ್ಯುರೇಟರಿನ ತೊಂದರೆ ಎನಿಸುವುದರಲ್ಲಿ ಹೆಚ್ಚಿನದು ಕಿಡಿ ಹೊತ್ತಿಸುವ ಇಗ್ನಿಷನ್‌ನ ತೊಂದರೆ ಎಂದು ಇಂಗ್ಲೆಂಡಿನ ಹಳೆಯ ಮೆಕ್ಯಾನಿಕ್‌ಗಳು ಹೇಳುತ್ತಾರೆ. ಈ ಮಾತು ನನಗೆ ಈ ದೇಶಕ್ಕೆ ಬರುವ ಮೊದಲೇ ಗೊತ್ತಿತ್ತು. ಹಾಸನದಲ್ಲಿ ಅಂಬಾಸಿಡರ್ ಟ್ಯಾಕ್ಸಿ ಓಡಿಸಿಕೊಂಡಿದ್ದ ನನ್ನ ಸೋದರಮಾವ ಇದನ್ನೇ ಚಿಕ್ಕದಾಗಿ ಹೇಳುತ್ತಿದ್ದರು: "ಮೊದಲು ಕರೆಂಟು ನೋಡಪ್ಪ, ಆಮೇಲೆ ಪೆಟ್ರೋಲು."

ಮಾವನ ಮಾತು ಇಲ್ಲಿ ಸಲ್ಲುವುದಕ್ಕೆ ಕಾರಣವೂ ಇದೆ. ಅಂಬಾಸಿಡರಿಗೆ 1959ರಿಂದ ಬಂದದ್ದು ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್, 1489 ಸಿಸಿ. ಅದೇ 1489 ಸಿಸಿಯ ಎಂಜಿನ್ನು ಎರಡು ಕಾರ್ಬ್ಯುರೇಟರ್ ಹೊತ್ತು 1955ರ ಎಂಜಿಎ ಸ್ಪೋರ್ಟ್ಸ್ ಕಾರಿನಲ್ಲಿ ಕೂತಿತ್ತು. ಅದನ್ನು 1798 ಸಿಸಿಗೆ ಹಿಗ್ಗಿಸಿದ್ದೇ 1962ರಲ್ಲಿ ಬಂದ ಎಂಜಿಬಿಯ ಎಂಜಿನ್. ನಮ್ಮೂರ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರಿನೊಳಗೆ ಕರೆಂಟನ್ನು ಕೂಡಿಸಿ ಬಿಡಿಸುವ ಪಾಯಿಂಟ್ ಉಜ್ಜುತ್ತಿದ್ದ ಚಾಲಕರು ಕಲಿತಿದ್ದ ವಿದ್ಯೆಯ ಮುಕ್ಕಾಲು ಪಾಲು ಈ ಸ್ಪೋರ್ಟ್ಸ್ ಕಾರಿಗೆ ಹಾಗೆಯೇ ಸಲ್ಲುತ್ತದೆ. ನನ್ನದು 1972ರ ಕ್ರೋಮ್ ಬಂಪರಿನ ರೋಡ್‌ಸ್ಟರ್. ನಾನಿರುವುದು ಇಂಗ್ಲೆಂಡಿನ ಸ್ವಿಂಡನ್ನಿನಲ್ಲಿ. ಎಂಜಿಬಿಯ ಬಾಡಿ ಶೆಲ್‌ಗಳು ತಯಾರಾಗುತ್ತಿದ್ದದ್ದೂ ಇದೇ ಊರಿನಲ್ಲಿ. ಕಾರನ್ನು ಜೋಡಿಸುತ್ತಿದ್ದದ್ದು ಹತ್ತಿರದ ಆಬಿಂಗ್ಡನ್ನಿನಲ್ಲಿ. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಅಷ್ಟರೊಳಗೆ ಐದು ಲಕ್ಷಕ್ಕೂ ಹೆಚ್ಚು ಎಂಜಿಬಿಗಳು ಹೊರಬಂದಿದ್ದವು. ಬಿಡಿಭಾಗಗಳು ಇಂದಿಗೂ ಸಿಗುವುದು ಈ ಸಂಖ್ಯೆಯ ಪುಣ್ಯದಿಂದ. ಬೇಕಿದ್ದರೆ ಮೂಲ ಅಚ್ಚುಗಳಿಂದಲೇ ಒತ್ತಿದ ಹೊಸ ಶೆಲ್ ಕೂಡ 1988ರಿಂದ ತಯಾರಾಗುತ್ತಿದೆ.

ಹತ್ಯಾರಗಳ ಬಗ್ಗೆ ಒಂದೇ ಮಾತು. ಈ ಕಾರಿನ ನಟ್ಟು ಬೋಲ್ಟುಗಳು ಇಂಚಿನ ಲೆಕ್ಕದವು. ಏಳು ಹದಿನಾರಾಂಶ, ಅರ್ಧ, ಒಂಬತ್ತು ಹದಿನಾರಾಂಶ ಇಂಚಿನ ಸ್ಪ್ಯಾನರ್‌ಗಳಿದ್ದರೆ ಅರ್ಧಕ್ಕೂ ಹೆಚ್ಚು ಕೆಲಸ ನಡೆಯುತ್ತದೆ. 13 ಎಂಎಂ ಸ್ಪ್ಯಾನರ್ ಅರ್ಧ ಇಂಚಿನ ನಟ್ಟಿಗೆ ಕೂತಂತೆ ಕಾಣುತ್ತದೆ. ತುಕ್ಕು ಹಿಡಿದ ನಟ್ಟಿನ ಮೇಲೆ ಅದನ್ನು ಬಲವಾಗಿ ತಿರುಗಿಸಿದರೆ ಮೂಲೆಗಳು ಸವೆದು ದುಂಡಗಾಗುತ್ತವೆ. ಇನ್ನು ಜಾಕ್ ಮೇಲೆ ಮಾತ್ರ ನಿಂತ ಕಾರಿನ ಕೆಳಗೆ ನಾನು ಕೈ ಕೂಡ ಚಾಚುವುದಿಲ್ಲ. ಕಬ್ಬಿಣದ ಸ್ಟ್ಯಾಂಡ್‌ಗಳನ್ನು ಕೊಟ್ಟು, ಕಾರನ್ನು ಒಮ್ಮೆ ಜೋರಾಗಿ ಅಲ್ಲಾಡಿಸಿ ನೋಡಿದ ಮೇಲೆಯೇ ಕೆಳಗೆ ನುಗ್ಗುತ್ತೇನೆ.

ಟ್ಯೂನಿಂಗ್‌ಗೆ ನನ್ನಲ್ಲಿ ಒಂದು ಕ್ರಮವಿದೆ. ಮೊದಲು ಟ್ಯಾಪೆಟ್ (ವಾಲ್ವುಗಳ ಅಂತರ), ನಂತರ ಪ್ಲಗ್ಗು ಮತ್ತು ಪಾಯಿಂಟ್, ನಂತರ ಟೈಮಿಂಗ್ (ಕಿಡಿ ಹಾರುವ ಹೊತ್ತು), ಎಲ್ಲ ಮುಗಿದ ಮೇಲೆ ಕಾರ್ಬ್ಯುರೇಟರ್. ಇದನ್ನು ಹಿಂದುಮುಂದು ಮಾಡಿದರೆ ಮುಂದಿನದನ್ನು ಸರಿಮಾಡಿದಾಗ ಹಿಂದಿನದು ಕೆಡುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬುದೂ ಇದರ ಭಾಗ. ಹೊಸ ಪ್ಲಗ್ಗು, ಹೊಸ ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಡಬ್ಬಿ), ಹೊಸ ಜೆಟ್ ಎಲ್ಲವನ್ನೂ ಒಂದೇ ಮಧ್ಯಾಹ್ನ ಹಾಕಿದವನಿಗೆ ಕಾರು ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಕೆಟ್ಟರಂತೂ ಮುಗಿಯಿತು.

ಟ್ಯಾಪೆಟ್ ಸೆಟ್ಟಿಂಗ್ ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾಡುವ ಕೆಲಸ. ಬೆಳಗ್ಗೆ ಕಾಫಿಗೆ ಮೊದಲೇ ಮಾಡಿದರೆ ಒಳ್ಳೆಯದು. ಅಂತರ 0.015 ಇಂಚು, ಅಂದರೆ 0.38 ಮಿಲಿಮೀಟರ್. ಪ್ಲಗ್ಗುಗಳನ್ನು ಬಿಚ್ಚಿಟ್ಟು, ಟಾಪ್ ಗೇರಿನಲ್ಲಿ ಕಾರನ್ನು ಸ್ವಲ್ಪ ಸ್ವಲ್ಪ ತಳ್ಳಿದರೆ ಎಂಜಿನ್ ನಿಧಾನವಾಗಿ ತಿರುಗುತ್ತದೆ. ಯಾವ ವಾಲ್ವನ್ನು ಯಾವಾಗ ಹೊಂದಿಸಬೇಕು ಎಂಬುದಕ್ಕೆ ಒಂಬತ್ತರ ಲೆಕ್ಕವೊಂದಿದೆ. ಮುಂದಿನಿಂದ ಒಂದರಿಂದ ಎಂಟರವರೆಗೆ ಎಣಿಸಿ. ಎಂಟನೆಯ ವಾಲ್ವ್ ಪೂರ್ತಿ ಒತ್ತಿಕೊಂಡಿದ್ದಾಗ ಒಂದನೆಯದನ್ನು ಹೊಂದಿಸಬೇಕು, ಆರನೆಯದು ಒತ್ತಿಕೊಂಡಿದ್ದಾಗ ಮೂರನೆಯದನ್ನು. ಎರಡೂ ಸೇರಿ ಒಂಬತ್ತಾಗಬೇಕು, ಅಷ್ಟೇ. ಫೀಲರ್ ಗೇಜಿನ ಎಲೆ ಸ್ವಲ್ಪ ಹಿಡಿದು ಹಿಡಿದು ಜಾರಬೇಕು. ಬಿಗಿಯಾಗಿರುವುದಕ್ಕಿಂತ ಒಂದು ಕೂದಲೆಳೆ ಸಡಿಲವಿರಲಿ. ಸಡಿಲವಾದರೆ ಟಕಟಕ ಶಬ್ದ ಬರುತ್ತದೆ. ಬಿಗಿಯಾದರೆ ಶಬ್ದವಿಲ್ಲದೆ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ.

ಬ್ರಿಟನ್ನಿನಲ್ಲಿ ಸೀಸದ ಪೆಟ್ರೋಲು 1999ರ ಕೊನೆಗೆ ಬಂಕುಗಳಿಂದ ಮಾಯವಾಯಿತು. ಸೀಸವಿಲ್ಲದ ಪೆಟ್ರೋಲಿನಲ್ಲಿ ಹಳೆಯ ಎರಕದ ಹೆಡ್ಡಿನಲ್ಲಿ ಎಕ್ಸಾಸ್ಟ್ ವಾಲ್ವ್ ಕೂರುವ ಸೀಟು ನಿಧಾನವಾಗಿ ಸವೆದು ವಾಲ್ವ್ ಒಳಸರಿಯುತ್ತದೆ. ಹಾಗಾದಾಗ ಟ್ಯಾಪೆಟ್ ಅಂತರ ಪ್ರತಿ ಬಾರಿಯೂ ಕಡಿಮೆಯಾಗುತ್ತಾ ಬರುತ್ತದೆ. ಅದಕ್ಕೇ ನಾನು ಪ್ರತಿ ಸಲದ ಅಳತೆಯನ್ನು ಗ್ಯಾರೇಜಿನ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡುತ್ತೇನೆ. ಒಂದೇ ವಾಲ್ವ್ ಮತ್ತೆ ಮತ್ತೆ ಬಿಗಿಯಾಗುತ್ತಿದ್ದರೆ ಹೆಡ್ ಬಿಚ್ಚಿಸಿ ಗಟ್ಟಿ ಸೀಟು ಕೂರಿಸುವ ಕಾಲ ಬಂತೆಂದು ಅರ್ಥ.

ಡಿಸ್ಟ್ರಿಬ್ಯೂಟರಿಗೆ ಬರೋಣ. ಪಾಯಿಂಟ್ ಅಂತರ 0.014ರಿಂದ 0.016 ಇಂಚು, ಪ್ಲಗ್ ಅಂತರ 0.025 ಇಂಚು, ಫೈರಿಂಗ್ ಆರ್ಡರ್ 1-3-4-2. ಇಷ್ಟನ್ನು ಯಾವ ಕೈಪಿಡಿಯಾದರೂ ಹೇಳುತ್ತದೆ. ಅಭ್ಯಾಸದಿಂದ ತಿಳಿಯುವುದು ಬೇರೆ. ಎಣ್ಣೆ ಹತ್ತಿದ ಫೀಲರ್ ಗೇಜನ್ನು ಪಾಯಿಂಟಿನ ನಡುವೆ ತೂರಿಸಿದರೆ ಆ ಎಣ್ಣೆಯೇ ಸುಟ್ಟು ಕರಿಯಾಗಿ ಕರೆಂಟನ್ನು ತಡೆಯುತ್ತದೆ; ಎಲೆಯನ್ನು ಒರೆಸಿಯೇ ಹಾಕಬೇಕು. ಹೊಸ ಪಾಯಿಂಟಿನ ಹಿಮ್ಮಡಿ (ನಡುವೆ ತಿರುಗುವ ಕ್ಯಾಮಿಗೆ ಉಜ್ಜುವ ತುಂಡು) ಮೊದಮೊದಲು ಬೇಗ ಸವೆಯುವುದರಿಂದ ಅಂತರ ಮುಚ್ಚಿಕೊಳ್ಳುತ್ತದೆ. ಕೆಲವು ನೂರು ಮೈಲಿ ಓಡಿಸಿದ ಮೇಲೆ ಮತ್ತೆ ನೋಡಬೇಕು. ಕ್ಯಾಮಿನ ಮೇಲೆ ಉಗುರಿನ ತುದಿಯಷ್ಟು ಗ್ರೀಸ್ ಸಾಕು. ಎಂಜಿನ್ನಿನ ಎಳೆತಕ್ಕೆ ತಕ್ಕಂತೆ ಕಿಡಿಯನ್ನು ಬೇಗ ಹಾರಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಬದುಕಿದೆಯೋ ಇಲ್ಲವೋ ತಿಳಿಯಲು ಉಪಕರಣ ಬೇಡ. ಕೊಳವೆಯನ್ನು ಬಾಯಲ್ಲಿಟ್ಟು ಗಾಳಿ ಎಳೆದು ನಾಲಿಗೆಯಿಂದ ಮುಚ್ಚಿದರೆ ಒಳಗಿನ ತಟ್ಟೆ ಸರಿದು ಅಲ್ಲೇ ನಿಲ್ಲಬೇಕು. ನಿಲ್ಲದೆ ಹಿಂದಕ್ಕೆ ಬಂದರೆ ಡಯಾಫ್ರಂ ಹರಿದಿದೆ. ರುಚಿ ಚೆನ್ನಾಗಿರುವುದಿಲ್ಲ, ಅದು ಬೇರೆ ವಿಷಯ.

ಹೊಸದು ಎಂದ ಮಾತ್ರಕ್ಕೆ ಒಳ್ಳೆಯದು ಎಂದು ನಾನು ಒಪ್ಪುವುದಿಲ್ಲ. ಈಗ ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಕಂಡೆನ್ಸರ್‌ಗಳು, ಕರೆಂಟನ್ನು ಪ್ಲಗ್ಗುಗಳತ್ತ ತಿರುಗಿಸುವ ರೋಟರ್ ಆರ್ಮ್‌ಗಳು ಬೇಗ ಕೈಕೊಡುತ್ತವೆ. ರೋಟರಿನ ಹಿತ್ತಾಳೆ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿದ್ದರೆ ಕರೆಂಟು ಆ ರಿವೆಟ್ಟಿನ ಮೂಲಕ ಕೆಳಗಿನ ಶಾಫ್ಟಿಗೆ ಹಾರುವ ಸಂಭವವಿದೆ. ರಿವೆಟ್ ಇಲ್ಲದ ಕೆಂಪು ರೋಟರನ್ನು ಹುಡುಕಿ ತರುತ್ತೇನೆ, ಬೆಲೆ ಹೆಚ್ಚಾದರೂ. ಚೆನ್ನಾಗಿ ಕೆಲಸ ಮಾಡುತ್ತಿದ್ದ ಹಳೆಯ ಕಂಡೆನ್ಸರನ್ನು ಎಸೆಯದೆ ಡಿಕ್ಕಿಯಲ್ಲಿ ಇಟ್ಟಿರುತ್ತೇನೆ.

ಟೈಮಿಂಗನ್ನು ಸ್ಟ್ರೋಬ್ ದೀಪ ಹಿಡಿದು ನೋಡುತ್ತೇನೆ. ಪುಲ್ಲಿಯ ಗುರುತಿಗೆ ಬಿಳಿ ಬಣ್ಣ ಹಚ್ಚಿದರೆ ಕಣ್ಣಿಗೆ ಸುಲಭ. ಎಷ್ಟು ಡಿಗ್ರಿ ಎಂಬುದು ಎಂಜಿನ್ ನಂಬರಿನ ಮೇಲೆ ಹೋಗುತ್ತದೆ. ಕಾರು ಎಂಜಿಬಿ ಎಂಬುದಷ್ಟನ್ನೇ ನೋಡಿ ಯಾರೋ ಹೇಳಿದ ಅಂಕಿಯನ್ನು ಇಡಬಾರದು. ಐವತ್ತು ವರ್ಷದಲ್ಲಿ ಯಾರು ಯಾವ ಎಂಜಿನ್ ಇಳಿಸಿ ಯಾವುದನ್ನು ಕೂರಿಸಿದ್ದಾರೋ ಬಲ್ಲವರು ಯಾರು?

ಇಷ್ಟೆಲ್ಲ ಆದ ಮೇಲೆ ಎಸ್‌ಯು ಕಾರ್ಬ್ಯುರೇಟರ್. ಸ್ಕಿನ್ನರ್ ಸಹೋದರರ ಹೆಸರಿನಿಂದ ಬಂದ ಎರಡಕ್ಷರ ಇದು, ಸ್ಕಿನ್ನರ್ ಯೂನಿಯನ್. ಇದರ ಜಾಣತನಕ್ಕೆ ನಾನು ಮರುಳಾಗಿದ್ದೇನೆ. ಬೇರೆ ಕಾರ್ಬ್ಯುರೇಟರ್‌ಗಳಲ್ಲಿ ನಿಧಾನಕ್ಕೊಂದು ಜೆಟ್ (ಪೆಟ್ರೋಲು ಬರುವ ಸಣ್ಣ ತೂತು), ವೇಗಕ್ಕೊಂದು ಜೆಟ್ ಇರುತ್ತವೆ. ಇಲ್ಲಿರುವುದು ಒಂದೇ ಜೆಟ್, ಅದರೊಳಗೆ ತುದಿಗೆ ಹೋದಂತೆ ಸಣ್ಣಗಾಗುವ ಒಂದು ಸೂಜಿ. ಎಂಜಿನ್ ಹೆಚ್ಚು ಗಾಳಿ ಎಳೆದಂತೆ ಗುಮ್ಮಟದೊಳಗಿನ ಪಿಸ್ಟನ್ ಮೇಲೇಳುತ್ತದೆ, ಅದರ ಜೊತೆಗೆ ಸೂಜಿಯೂ ಏಳುತ್ತದೆ, ಜೆಟ್ಟಿನ ಬಾಯಿ ಅಷ್ಟು ಹೆಚ್ಚು ತೆರೆದು ಪೆಟ್ರೋಲು ಹೆಚ್ಚು ಹರಿಯುತ್ತದೆ. ಎಷ್ಟು ಗಾಳಿಗೆ ಎಷ್ಟು ಪೆಟ್ರೋಲು ಎಂಬ ಇಡೀ ಲೆಕ್ಕ ಆ ಸೂಜಿಯ ಮೈಮೇಲೆ ಕೆತ್ತಿದಂತಿದೆ. ಆದ್ದರಿಂದಲೇ ಸೂಜಿಗೆ ಎಮರಿ ಕಾಗದ ತಾಗಿಸಬಾರದು, ಗುಮ್ಮಟದ ಒಳಮೈಯನ್ನು ಉಜ್ಜಬಾರದು. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಸಾಕು. ಎರಡು ಗುಮ್ಮಟಗಳನ್ನು ಅದಲುಬದಲು ಮಾಡಲೂ ಬಾರದು. ಒಂದೊಂದು ಪಿಸ್ಟನ್ನಿಗೂ ಅದರದೇ ಗುಮ್ಮಟ.

ಏರ್ ಫಿಲ್ಟರ್ ತೆಗೆದು ಪಿಸ್ಟನ್ನನ್ನು ಬೆರಳಿನಿಂದ ಎತ್ತಿ ಬಿಟ್ಟಾಗ ಅದು ಟಕ್ಕೆಂದು ಕೆಳಗೆ ಕೂರಬೇಕು. ಅರ್ಧದಲ್ಲಿ ಅಂಟಿಕೊಂಡರೆ ಸೂಜಿ ಜೆಟ್ಟಿನ ನಡುವೆ ಇಲ್ಲ ಅಥವಾ ಕೊಳೆ ಸೇರಿದೆ. ಗುಮ್ಮಟದ ಮೇಲಿನ ಮುಚ್ಚಳ ಬಿಚ್ಚಿ ಡ್ಯಾಂಪರಿನ ಎಣ್ಣೆಯನ್ನೂ ನೋಡಬೇಕು. ಅದು ಆರಿಹೋಗಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಪಿಸ್ಟನ್ ಒಮ್ಮೆಲೇ ಮೇಲೆ ಹಾರಿ ಕಾರು ಒಂದು ಕ್ಷಣ ಮುಗ್ಗರಿಸುತ್ತದೆ. ಈ ಮುಗ್ಗರಿಕೆಗೆ ಎಷ್ಟೋ ಜನ ಜೆಟ್ ತಿರುಗಿಸುತ್ತಾರೆ. ಬೇಕಾಗಿದ್ದದ್ದು ಒಂದು ಚಮಚ ಎಣ್ಣೆ.

ಎರಡು ಕಾರ್ಬ್ಯುರೇಟರ್‌ಗಳನ್ನು ಸಮ ಮಾಡುವ ಕೆಲಸಕ್ಕೆ ನಾನು ಬಳಸುವುದು ಒಂದು ರಬ್ಬರ್ ಕೊಳವೆಯನ್ನು. ಎಂಜಿನ್ ಬಿಸಿಯಾದ ಮೇಲೆ ಎರಡು ಥ್ರಾಟಲ್ ಶಾಫ್ಟ್‌ಗಳನ್ನು ಜೋಡಿಸುವ ಕ್ಲಾಂಪುಗಳನ್ನು ಸಡಿಲಿಸಿ, ಕೊಳವೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಕಾರ್ಬ್ಯುರೇಟರಿನ ಬಾಯಿಗೂ ಹಿಡಿದರೆ ಬುಸ್ಸೆಂಬ ಸದ್ದು ಕೇಳುತ್ತದೆ. ಎರಡರ ಬುಸುಗುಟ್ಟುವಿಕೆ ಒಂದೇ ಶ್ರುತಿಗೆ ಬರುವ ತನಕ ಐಡಲ್ ಸ್ಕ್ರೂಗಳನ್ನು ತಿರುಗಿಸಬೇಕು. ಇದಕ್ಕೆಂದೇ ಮೀಟರ್ ಸಿಗುತ್ತದೆ, ನನ್ನ ಬಳಿಯೂ ಒಂದಿದೆ. ಆದರೂ ಕೊನೆಯ ತೀರ್ಮಾನ ಕಿವಿಯದೇ.

ಮಿಶ್ರಣಕ್ಕೆ ಕೆಳಗಿನ ಜೆಟ್ ನಟ್ಟು. ಎಲ್ಲ ಕೆಟ್ಟುಕೂತಿದ್ದರೆ ಜೆಟ್ಟನ್ನು ಸೇತುವೆಯ (ಗಾಳಿ ಹಾದುಹೋಗುವ ಗಂಟಲಿನ ತಳ) ಮಟ್ಟಕ್ಕೆ ತಂದು ಅಲ್ಲಿಂದ ಎರಡು ಪೂರ್ತಿ ಸುತ್ತು ಕೆಳಗಿಳಿಸಿ ಶುರುಮಾಡುತ್ತೇನೆ. ಆಮೇಲೆ ಪಿಸ್ಟನ್ನನ್ನು ಪಕ್ಕದ ಪಿನ್ನಿನಿಂದ ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿ ಕೇಳುವುದು. ಎಂಜಿನ್ ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲು ಹೆಚ್ಚಾಗಿದೆ. ತಕ್ಷಣ ಕುಸಿದು ನಿಲ್ಲಲು ಹೊರಟರೆ ಕಡಿಮೆಯಾಗಿದೆ. ಒಂದಿಷ್ಟು ಏರಿದಂತೆ ಮಾಡಿ ಮತ್ತೆ ಮೊದಲಿನಂತಾದರೆ ಸರಿ. ನಟ್ಟನ್ನು ಒಂದೊಂದೇ ಮುಖದಷ್ಟು ತಿರುಗಿಸಬೇಕು, ಎರಡಕ್ಕೂ ಅಷ್ಟಷ್ಟೇ. ಮುಗಿದ ಮೇಲೆ ಒಂದಷ್ಟು ದೂರ ಓಡಿಸಿ ಬಂದು ಪ್ಲಗ್ಗಿನ ಬಣ್ಣ ನೋಡುತ್ತೇನೆ. ತಿಳಿ ಕಂದು ಇದ್ದರೆ ನೆಮ್ಮದಿ.

ಪೆಟ್ರೋಲಿನ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. 2021ರ ಸೆಪ್ಟೆಂಬರಿನಿಂದ ಇಲ್ಲಿಯ ಸಾಮಾನ್ಯ ಪೆಟ್ರೋಲು ಶೇಕಡ 10ರವರೆಗೆ ಎಥೆನಾಲ್ ಇರುವ ಇ10. ಎಥೆನಾಲ್ ಹಳೆಯ ರಬ್ಬರನ್ನು ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ. ಬಿಸಿ ಎಕ್ಸಾಸ್ಟಿನ ನೇರ ಮೇಲೆ ಕೂತಿರುವ ಕಾರ್ಬ್ಯುರೇಟರಿಗೆ ಪೆಟ್ರೋಲು ತರುವ ಹೋಸ್ ಬಿರುಕು ಬಿಟ್ಟರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ. ಎಲ್ಲ ಹೋಸ್‌ಗಳನ್ನೂ ಎಥೆನಾಲ್ ತಾಳುವ ಆರ್9 ದರ್ಜೆಯವಕ್ಕೆ ಬದಲಿಸಿದ್ದೇನೆ. ಇ5 ಇರುವ ಸೂಪರ್ ಪೆಟ್ರೋಲನ್ನೇ ಹಾಕುತ್ತೇನೆ. ನಮ್ಮ ಬೆಂಗಳೂರಿನ ಬಂಕುಗಳಲ್ಲಿ ಈಗ ಇ20 ಸಿಗುತ್ತಿರುವುದರಿಂದ ಅಲ್ಲಿ ಹಳೆಯ ಕಾರು ಸಾಕಿರುವ ಗೆಳೆಯರಿಗೆ ಈ ಹೋಸಿನ ಮಾತನ್ನು ಎರಡು ಪಟ್ಟು ಗಟ್ಟಿಯಾಗಿ ಹೇಳಬೇಕು.

ವೈರಿಂಗ್ ವಿಷಯಕ್ಕೆ ಬಂದರೆ ಬ್ರಿಟಿಷರು ತಮ್ಮ ಕಾರುಗಳನ್ನು ತಾವೇ ಗೇಲಿ ಮಾಡಿಕೊಳ್ಳುತ್ತಾರೆ. ಈ ಕಾರುಗಳ ವಿದ್ಯುತ್ ಭಾಗಗಳನ್ನು ಮಾಡಿದ ಲ್ಯೂಕಾಸ್ ಕಂಪನಿಯ ಸ್ಥಾಪಕರನ್ನು ಕತ್ತಲೆಯ ರಾಜಕುಮಾರ ಎಂದು ಕರೆಯುವ ತಮಾಷೆ ಎಷ್ಟು ಹಳೆಯದೋ. ನನಗೆ ಇದು ಅನ್ಯಾಯ ಅನ್ನಿಸುತ್ತದೆ. 1961ರಲ್ಲಿ ಮದ್ರಾಸಿನಲ್ಲಿ ಟಿವಿಎಸ್ ಜೊತೆ ಸೇರಿ ಶುರುವಾದ ಇದೇ ಲ್ಯೂಕಾಸ್‌ನ ಸೆಲ್ಫ್ ಮೋಟರುಗಳು, ಡೈನಮೋಗಳು ನಮ್ಮ ದೇಶದ ಧೂಳಿನಲ್ಲಿ ದಶಕಗಳ ಕಾಲ ತಿರುಗಿವೆ. ಐವತ್ತು ವರ್ಷದ ಕಾರಿನ ದೀಪ ಮಂಕಾದರೆ ಅದಕ್ಕೆ ಸಾಮಾನ್ಯ ಕಾರಣ ಅರ್ತಿಂಗ್. ದೀಪದಿಂದ ಬಾಡಿಗೆ, ಬಾಡಿಯಿಂದ ಬ್ಯಾಟರಿಗೆ ಕರೆಂಟು ಹಿಂದಿರುಗುವ ದಾರಿಯಲ್ಲಿ ತುಕ್ಕು, ಬಣ್ಣ, ಮಣ್ಣು ಸೇರಿರುತ್ತವೆ. ದೀಪ ಉರಿಯುತ್ತಿರುವಾಗ ಮಲ್ಟಿಮೀಟರಿನ ಒಂದು ತಂತಿಯನ್ನು ದೀಪದ ಲೋಹಕ್ಕೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೂ ಹಿಡಿಯಿರಿ. ಸೊನ್ನೆಯ ಹತ್ತಿರ ಇರಬೇಕು. ಅರ್ಧ ವೋಲ್ಟ್ ದಾಟಿದರೆ ಬಲ್ಬು ಬದಲಿಸುವ ಬದಲು ಅರ್ತಿಂಗ್ ಸ್ಕ್ರೂ ಬಿಚ್ಚಿ ಉಜ್ಜುವುದು ಲೇಸು. ವೈರುಗಳನ್ನು ಸೇರಿಸುವ ಬುಲೆಟ್ ಕನೆಕ್ಟರ್‌ಗಳಿಗೂ ಇದೇ ಉಪಚಾರ.

ವೈರಿನ ಬಣ್ಣಗಳನ್ನು ಕಲಿತರೆ ಅರ್ಧ ಭಯ ಹೋಗುತ್ತದೆ. ಕಂದು ಬಣ್ಣದ್ದು ಬ್ಯಾಟರಿಯಿಂದ ನೇರ, ಫ್ಯೂಸಿಲ್ಲದೆ ಸದಾ ಜೀವಂತ. ಅದರ ಹತ್ತಿರ ಸ್ಕ್ರೂಡ್ರೈವರ್ ಒಯ್ಯುವ ಮೊದಲು ಬ್ಯಾಟರಿ ಕಳಚಬೇಕು. ಬಿಳಿಯದು ಕೀಲಿ ತಿರುಗಿಸಿದಾಗ ಬರುವ ಕರೆಂಟು, ಹಸಿರು ಅದೇ ಕರೆಂಟು ಫ್ಯೂಸ್ ದಾಟಿದ ಮೇಲೆ, ನೇರಳೆ ಫ್ಯೂಸ್ ಇರುವ ಸದಾ ಜೀವಂತ ತಂತಿ, ನೀಲಿ ಹೆಡ್‌ಲೈಟಿಗೆ, ಕೆಂಪು ಪಾರ್ಕಿಂಗ್ ದೀಪಕ್ಕೆ, ಕಪ್ಪು ಅರ್ತಿಂಗ್. ಇದೇ ಬಣ್ಣಗಳು ಆ ಕಾಲದ ಟ್ರಯಂಫ್‌ನಲ್ಲೂ ಜಾಗ್ವಾರ್‌ನಲ್ಲೂ ಇವೆ. ಇನ್ನೊಂದು ಎಚ್ಚರಿಕೆ: 1967ರ ಕೊನೆಯವರೆಗಿನ ಎಂಜಿಬಿಗಳಲ್ಲಿ ಅರ್ತಿಂಗ್ ಪಾಸಿಟಿವ್, ಅಂದರೆ ಬಾಡಿಗೆ ಸೇರುವುದು ಬ್ಯಾಟರಿಯ ಪಾಸಿಟಿವ್ ತುದಿ. ಹಳೆಯ ಕಾರಿಗೆ ಹೊಸ ರೇಡಿಯೋ ಕೂರಿಸುವ ಮೊದಲು ಬ್ಯಾಟರಿ ಯಾವ ಕಡೆಗೆ ಕೂತಿದೆ ನೋಡಿಕೊಳ್ಳಿ.

ಗ್ರೀಸ್ ಹೊಡೆಯುವುದು ಬೇಸರದ ಕೆಲಸ, ಬಿಡುವಂತಿಲ್ಲ. ಮುಂದಿನ ಒಂದೊಂದು ಚಕ್ರ ಹೊರಳುವ ಕೀಲಾದ ಕಿಂಗ್ ಪಿನ್ನಿಗೂ ಗ್ರೀಸ್ ಹೊಡೆಯುವ ಮೂರು ನಿಪ್ಪಲ್‌ಗಳು, 3,000 ಮೈಲಿಗೊಮ್ಮೆ. ಚಕ್ರವನ್ನು ನೆಲದಿಂದ ಎತ್ತಿ, ಭಾರ ಇಳಿಸಿ ಹೊಡೆದರೆ ಗ್ರೀಸ್ ಹೋಗಬೇಕಾದಲ್ಲಿಗೆ ಹೋಗುತ್ತದೆ. ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದು ಇಣುಕುವ ತನಕ ಪಂಪ್ ಮಾಡುತ್ತೇನೆ. ನಿಪ್ಪಲ್ ಗ್ರೀಸ್ ತೆಗೆದುಕೊಳ್ಳದಿದ್ದರೆ ಅದನ್ನು ಬಿಚ್ಚಿ ಹೊಸದು ಹಾಕಬೇಕು. ತೆಗೆದುಕೊಂಡಿತೆಂದು ಭಾವಿಸಿ ಮುಂದಕ್ಕೆ ಹೋದರೆ ಸ್ಟೀರಿಂಗ್ ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತದೆ. ಟ್ರಯಂಫ್ ಸ್ಪಿಟ್‌ಫೈರ್ ಇಟ್ಟುಕೊಂಡವರು ಇದನ್ನು ಅನುಕರಿಸಬೇಡಿ. ಅವರ ಮುಂಚಕ್ರದ ಕೆಳಗಿನ ಕೀಲಾದ ಟ್ರನಿಯನ್‌ಗೆ ಬೇಕಾದದ್ದು ಇಪಿ90 ಗೇರ್ ಆಯಿಲ್. ಎಂಜಿನ್ನಿಗೆ 20ಡಬ್ಲ್ಯು-50 ಎಣ್ಣೆ, ಅದರಲ್ಲೂ ಹಳೆಯ ಕಾರಿಗೆಂದೇ ಮಾಡಿದ, ಸತುವಿನ ಅಂಶ ಹೆಚ್ಚಿರುವುದು. ಹೊಸ ಕಾರಿನ ನೀರಿನಂಥ ಎಣ್ಣೆ ಈ ಎಂಜಿನ್ನಿನ ಕ್ಯಾಮ್‌ಗೂ ಟ್ಯಾಪೆಟ್‌ಗೂ ಒಗ್ಗುವುದಿಲ್ಲ.

ನನ್ನ ಕಾರಿನ ಬ್ರೇಕು ಒಂದೇ ಸರ್ಕ್ಯೂಟಿನದು. ಒಂದು ಹೋಸ್ ಒಡೆದರೆ ನಾಲ್ಕೂ ಚಕ್ರದ ಬ್ರೇಕು ಹೋಯಿತು; ಉಳಿಯುವುದು ಹ್ಯಾಂಡ್ ಬ್ರೇಕು ಮತ್ತು ದೇವರು. ಹಾಗಾಗಿ ಬ್ರೇಕಿನಲ್ಲಿ ನಾನು ಕಾಸು ನೋಡುವುದಿಲ್ಲ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲು. ಹೊರಗೆ ಚೆನ್ನಾಗಿ ಕಂಡ ರಬ್ಬರ್ ಹೋಸ್ ಒಳಗೆ ಊದಿಕೊಂಡಿದ್ದರೆ ಫ್ಲೂಯಿಡ್ ಮುಂದಕ್ಕೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಚಕ್ರ ಹಿಡಿದುಕೊಂಡೇ ಇರುತ್ತದೆ. ಕ್ಯಾಲಿಪರಿನ ತಪ್ಪೆಂದು ಅದನ್ನು ಬಿಚ್ಚುವ ಮೊದಲು ಬ್ಲೀಡ್ ನಿಪ್ಪಲ್ ಸಡಿಲಿಸಿ ನೋಡಿ. ಚಕ್ರ ಆಗ ಬಿಟ್ಟುಕೊಂಡರೆ ಸಂಶಯ ಹೋಸಿನ ಮೇಲೆ. ಬ್ರೇಕಿನ ಗಾಳಿ ತೆಗೆಯುವಾಗ ಪೆಡಲ್ ತುಳಿಯುವುದು ನನ್ನ ಮಗಳು. "ಅಪ್ಪ, ಇನ್ನೆಷ್ಟು ಸಲ ತುಳಿಯಬೇಕು?" ಎಂದು ಅವಳು ಕೇಳುವುದಕ್ಕೂ ಗುಳ್ಳೆ ನಿಲ್ಲುವುದಕ್ಕೂ ಸಾಮಾನ್ಯವಾಗಿ ಸರಿಹೋಗುತ್ತದೆ. ಹಳೆಯ ಡ್ರಮ್ಮು ಬಿಚ್ಚುವಾಗ ಅವಳನ್ನು ಹತ್ತಿರ ಬಿಡುವುದಿಲ್ಲ. ಎಷ್ಟೋ ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು ಇರುತ್ತದೆ. ಧೂಳನ್ನು ಊದದೆ ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಚೀಲದಲ್ಲಿ ಕಟ್ಟಿಡುತ್ತೇನೆ.

ಇಷ್ಟು ಹೊತ್ತು ಹೇಳಿದ್ದೆಲ್ಲ ಕೆಟ್ಟರೂ ಸರಿಮಾಡಬಹುದು. ಎಂಜಿಬಿಯನ್ನು ಕೊಲ್ಲುವುದು ತುಕ್ಕು. ಚಳಿಗಾಲದಲ್ಲಿ ಹಿಮ ಕರಗಿಸಲು ಇಲ್ಲಿಯ ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ. ಬಾಗಿಲಿನ ಕೆಳಗೆ ಉದ್ದಕ್ಕೂ ಓಡುವ ಸಿಲ್ ಎಂಬ ಪೆಟ್ಟಿಗೆಯಂಥ ಭಾಗ ಒಳಗಿನಿಂದ ತಿನ್ನಿಸಿಕೊಳ್ಳುತ್ತದೆ. ಈ ಕಾರಿಗೆ ಬೇರೆ ಚಾಸಿ ಇಲ್ಲ. ಮೇಲ್ಛಾವಣಿಯೂ ಇಲ್ಲದ ರೋಡ್‌ಸ್ಟರಿನ ಬೆನ್ನುಮೂಳೆ ಸಿಲ್ಲೇ. ಕೊಳ್ಳುವವರು ಬಣ್ಣ ನೋಡುತ್ತಾರೆ, ನಾನು ಬಾಗಿಲಿನ ಸಂದು ನೋಡುತ್ತೇನೆ. ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿದ್ದರೆ ಕಾರು ನಡುವೆ ಬಗ್ಗಿದೆ. ವರ್ಷಕ್ಕೊಮ್ಮೆ ಸಿಲ್ಲಿನ ಕೆಳಗಿನ ನೀರು ಹೋಗುವ ತೂತುಗಳನ್ನು ತಂತಿಯಿಂದ ಚುಚ್ಚುತ್ತೇನೆ. ಮುಂದಿನ ರೆಕ್ಕೆಯ ಹಿಂಭಾಗದಲ್ಲಿ ಶೇಖರವಾಗುವ ಒದ್ದೆ ಮಣ್ಣನ್ನು ತೆಗೆಯುತ್ತೇನೆ, ಸೀಟಿನ ಹಿಂದಿನ ಬ್ಯಾಟರಿ ಪೆಟ್ಟಿಗೆಗಳನ್ನು ತೊಳೆಯುತ್ತೇನೆ, ಒಣಗಿದ ಮೇಲೆ ಪೊಳ್ಳುಗಳೊಳಗೆ ಮೇಣದ ದ್ರವ ಸಿಂಪಡಿಸುತ್ತೇನೆ.

ಸಿಲ್ ಬದಲಿಸುವ ವೆಲ್ಡಿಂಗ್ ಕೆಲಸವನ್ನು ಮಾತ್ರ ಮನೆಯಲ್ಲಿ ಮಾಡಿಲ್ಲ, ಮಾಡುವುದೂ ಇಲ್ಲ. ಹಳೆಯ ಸಿಲ್ ಕತ್ತರಿಸುವ ಮೊದಲು ಬಾಗಿಲಿನ ಚೌಕಟ್ಟಿಗೆ ಅಡ್ಡ ಕಂಬಿ ಕೊಟ್ಟು, ಕಾರು ಸ್ವಂತ ಭಾರಕ್ಕೆ ಬಗ್ಗದಂತೆ ಆಸರೆ ನಿಲ್ಲಿಸಿ, ಒಂದೊಂದೇ ಬದಿ ಮಾಡಬೇಕು. ಅದು ಕೈ ಪಳಗಿದವರ ಕೆಲಸ. ನಾನು ಮಾಡಿದ್ದು ಸೀಟು, ಕಾರ್ಪೆಟ್, ವೈರು, ಪೆಟ್ರೋಲ್ ಪೈಪುಗಳನ್ನೆಲ್ಲ ಬಿಚ್ಚಿ ಖಾಲಿ ಕಾರನ್ನು ವೆಲ್ಡರನ ಹತ್ತಿರ ಕೊಂಡೊಯ್ದದ್ದು. ಬಿಚ್ಚುವ ಕೂಲಿ ಉಳಿಯಿತು, ಬಿಚ್ಚುವಾಗ ಇನ್ನೂ ಎಲ್ಲೆಲ್ಲಿ ತುಕ್ಕು ಇದೆಯೆಂಬುದೂ ಕಣ್ಣಿಗೆ ಬಿತ್ತು.

ನಲವತ್ತು ವರ್ಷ ದಾಟಿ, ದೊಡ್ಡ ಮಾರ್ಪಾಡುಗಳಿಲ್ಲದ ಕಾರುಗಳಿಗೆ 2018ರ ಮೇ ತಿಂಗಳಿನಿಂದ ಇಲ್ಲಿ ವಾರ್ಷಿಕ ಎಂಒಟಿ ತಪಾಸಣೆ ಕಡ್ಡಾಯವಲ್ಲ. ರಸ್ತೆ ತೆರಿಗೆಯೂ ಇಲ್ಲ, ಅರ್ಜಿ ಮಾತ್ರ ಹಾಕಬೇಕು. ನಾನು ಆದರೂ ದುಡ್ಡು ಕೊಟ್ಟು ತಪಾಸಣೆ ಮಾಡಿಸುತ್ತೇನೆ. ನನ್ನ ಕೆಲಸವನ್ನು ನಾನೇ ಪರೀಕ್ಷಿಸಿದರೆ ಪಾಸಾಗದೆ ಇರುತ್ತದೆಯೇ? ಹೋದ ಸಲ ತಪಾಸಿಗ ತೋರಿಸಿದ್ದು ಹಿಂದಿನ ಡ್ಯಾಂಪರಿನಿಂದ (ಶಾಕ್ ಅಬ್ಸಾರ್ಬರ್) ಜಿನುಗುತ್ತಿದ್ದ ಎಣ್ಣೆ. ಈ ಕಾರಿನಲ್ಲಿ ಇರುವುದು ಲಿವರ್ ಆರ್ಮ್ ಡ್ಯಾಂಪರ್. ಎಣ್ಣೆ ತುಂಬಿಸಿ ಸ್ವಲ್ಪ ದಿನ ನಡೆಸಬಹುದು, ಒಳಗಿನ ಸೀಲ್ ಹೋಗಿದ್ದರೆ ಹಳೆಯದನ್ನು ಕೊಟ್ಟು ದುರಸ್ತಿಯಾದ ಇನ್ನೊಂದನ್ನು ತರುವುದೇ ದಾರಿ. ಎರಡೂ ಬದಿಯದನ್ನು ಒಟ್ಟಿಗೆ ಬದಲಿಸಲು ಹೇಳಿ ಕಳಿಸಿದ್ದೇನೆ. ಬೋಲ್ಟುಗಳಿಗೆ ಈಗಿನಿಂದಲೇ ತುಕ್ಕು ಬಿಡಿಸುವ ಎಣ್ಣೆ ಹೊಡೆಯುತ್ತಿದ್ದೇನೆ.